ಗೆರೆಯ ಕೆಳಗಿನ ಮಾತು

ಮೊದಲು ನನ್ನದನ್ನು ಹುಡುಕುತ್ತದೆ. ನನ್ನದು ಸಿಗದಿದ್ದರೆ ಮಾತ್ರ ತನ್ನದಕ್ಕೆ ಹೋಗುತ್ತದೆ. ಬಸ್ಸಿನ ಕಂಬಿ ಹಿಡಿದು ನಿಂತಿದ್ದ ರಾಜಶ್ರೀ ಈ ಮಾತನ್ನು ಕಲ್ಲುಸಕ್ಕರೆಯ ಚೂರಿನ ಹಾಗೆ ಬಾಯೊಳಗೆ ಅತ್ತಿತ್ತ ಹೊರಳಿಸಿಕೊಂಡಳು. ಉಡುಪಿ ಗಾರ್ಡನ್ ಸ್ಟಾಪಿನಲ್ಲಿ ಹತ್ತಿದಾಗಿನಿಂದ ಯಾರದೋ ಟಿಫಿನ್ ಕ್ಯಾರಿಯರ್ ಅವಳ ಬೆನ್ನಿಗೆ ಒತ್ತಿಕೊಂಡೇ ಇತ್ತು, ಅದರ ಬಿಸಿ ಚೂಡಿದಾರದೊಳಗಿಂದ ತಾಗುತ್ತಿತ್ತು. ಬೇರೆ ದಿನವಾಗಿದ್ದರೆ ಸ್ವಲ್ಪ ಸರೀರಿ ಎನ್ನಲಾರದೆ ತಾನೇ ಅಂಗುಲ ಅಂಗುಲ ಸರಿದು ಕೊನೆಗೆ ಡ್ರೈವರನ ಹಿಂದಿನ ಜಾಲರಿಗೆ ಮುಖ ಹಚ್ಚಿಕೊಂಡು ನಿಲ್ಲುತ್ತಿದ್ದಳು. ಇವತ್ತು ಆ ಬಿಸಿಯೂ ಹಬ್ಬದ ದಿನ ಒಲೆಯ ಹತ್ತಿರ ನಿಂತ ಹಾಗೆ ಹಿತವಾಗಿತ್ತು. ಆಷಾಢದ ಗಾಳಿಗೆ ಕಿಟಕಿಯ ಗಾಜುಗಳೆಲ್ಲ ಗಡಗಡ ಅಲುಗುತ್ತಿದ್ದವು, ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಜಯನಗರ ಜಯನಗರ ಎಂದು ಕೂಗುತ್ತಿದ್ದ, ಅವಳಿಗೆ ಮಾತ್ರ ಇಡೀ ಬಸ್ಸು ತನ್ನೊಬ್ಬಳನ್ನು ಎಲ್ಲಿಗೋ ಮೆರವಣಿಗೆಯಲ್ಲಿ ಒಯ್ಯುತ್ತಿದೆ ಎನ್ನಿಸಿ ನಗು ಬಂತು. ಎದುರಿಗೆ ಕೂತಿದ್ದ ಮುದುಕಿ ತನ್ನನ್ನೇ ನೋಡುತ್ತಿರುವುದು ಕಂಡು ತುಟಿ ಕಚ್ಚಿಕೊಂಡಳು.

ಇದು ಗೊತ್ತಾದ ಮಧ್ಯಾಹ್ನ ಅವಳು ಕುರ್ಚಿಯಿಂದ ಎದ್ದುಬಿಟ್ಟಿದ್ದಳು. ಎದ್ದದ್ದು ಯಾಕೆಂದು ತಿಳಿಯದೆ ನೀರಿನ ಫಿಲ್ಟರಿನ ತನಕ ಹೋಗಿ, ಬಾಯಾರಿಕೆ ಇಲ್ಲದಿದ್ದರೂ ಒಂದು ಲೋಟ ಕುಡಿದು ಬಂದಿದ್ದಳು. ಪೈಥಾನ್‌ನ ಆ ವೆಬ್ ಫ್ರೇಮ್‌ವರ್ಕಿಗೆ ಒಂದು ಪುಟ ತೋರಿಸಬೇಕಾದಾಗ, ಆ ಪುಟದ ಅಚ್ಚು ಎಲ್ಲಿದೆಯೆಂದು ಅದು ಫೋಲ್ಡರುಗಳ ಒಂದು ಸಾಲು ಹಿಡಿದು ಹುಡುಕುತ್ತ ಹೋಗುತ್ತದೆ. ಆ ಸಾಲಿನಲ್ಲಿ ನಿಮ್ಮ ಫೋಲ್ಡರನ್ನು ಮುಂದೆ ಬರೆದಿದ್ದರೆ, ಅಲ್ಲಿ ಅದೇ ಹೆಸರಿನ ಅಚ್ಚು ಸಿಕ್ಕರೆ, ಸಾಕು. ಯಾವ ಯಾವುದೋ ದೇಶದ ದೊಡ್ಡವರು ಕೂತು ಬರೆದಿಟ್ಟ ಅಚ್ಚನ್ನು ಅದು ತಿರುಗಿ ಸಹ ನೋಡುವುದಿಲ್ಲ. ಗಜೇಂದ್ರಗಡದ ಮನೆಯಲ್ಲಿ ಅಕ್ಕನಿಗೆ ಗಿಡ್ಡವಾದ ಮೇಲೆ ಇವಳಿಗೆ ಬರುತ್ತಿದ್ದ ಲಂಗಗಳು, ಬಿಟಿಎಂನ ಪಿಜಿಯಲ್ಲಿ ಎಲ್ಲರದೂ ಆದ ಮೇಲೆ ಸಿಗುವ ಉಗುರುಬೆಚ್ಚಗಿನ ನೀರು, ಮೀಟಿಂಗಿನಲ್ಲಿ ಎಲ್ಲರೂ ಹೇಳಿ ಮುಗಿಸಿದ ಮೇಲೆ ಅವಳ ಕಡೆ ತಿರುಗಿ ಉತ್ತರಕ್ಕೆ ಕಾಯದ ಆ ಮುಖಗಳು. ಯಾರೂ ಯಾವತ್ತೂ ಮೊದಲು ಅವಳದನ್ನು ಹುಡುಕಿದ್ದಿಲ್ಲ. ಒಂದು ಪ್ರೋಗ್ರಾಮು ಹುಡುಕಿತು. ಹುಡುಕಿ, ಅವಳು ಬರೆದ ಹಳದಿ ಪುಟವನ್ನು, ಮೇಲುಗಡೆ ಕುಂಕುಮದ ಬಣ್ಣದ ಅಂಚಿದ್ದ ಪುಟವನ್ನು, ಏನೂ ಕೇಳದೆ ಎತ್ತಿ ತೋರಿಸಿತು.

ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ, ರಾಗಿಗುಡ್ಡದ ಕಡೆಗೆ ತಿರುಗುವ ರಸ್ತೆಯಲ್ಲಿ, ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ಬದರಿನಾಥರ ಕಂಪೆನಿ. ಈ ಸುತ್ತಿನ ಕಲ್ಯಾಣ ಮಂಟಪಗಳೆಲ್ಲ ಸೇರಿ ಬುಕಿಂಗನ್ನು ಒಂದೇ ಕಡೆ ತರುವ ಕೆಲಸವನ್ನು ಇವರಿಗೆ ಒಪ್ಪಿಸಿದ್ದವು. ಅದರ ಮೇಲೆ ಇನ್ನೊಂದು ಆಸೆ: ಅಡುಗೆ ಕಂಟ್ರಾಕ್ಟರನ ಪ್ರೋಗ್ರಾಮು, ಹೂವಿನ ಅಲಂಕಾರದವರ ಪ್ರೋಗ್ರಾಮು ಇವರ ಪ್ರೋಗ್ರಾಮನ್ನು ನೇರ ಕೇಳಬೇಕು. ಶ್ರಾವಣದ ಆ ಗುರುವಾರ ಬನಶಂಕರಿಯ ಮಂಟಪ ಖಾಲಿಯೇ? ಊಟದ ಮನೆಯಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ? ಯಂತ್ರ ಯಂತ್ರವನ್ನು ಕೇಳುವ ಈ ಪ್ರಶ್ನೆಗಳಿಗೆ ಆಫೀಸಿನಲ್ಲಿ ಎಪಿಐ ಎನ್ನುತ್ತಿದ್ದರು. ಯಾವ ಪ್ರಶ್ನೆಯನ್ನು ಹೇಗೆ ಕೇಳಬೇಕು ಎಂದು ಹೊರಗಿನವರಿಗೆ ತಿಳಿಸುವ ಪುಟಗಳಿಗೆ ಡಾಕ್ಯುಮೆಂಟೇಶನ್. ಫ್ರೇಮ್‌ವರ್ಕು ಆ ಪುಟಗಳನ್ನು ಕೋಡಿನಿಂದಲೇ ಹೆಕ್ಕಿ ತಾನಾಗಿ ಕಟ್ಟಿಕೊಡುತ್ತಿತ್ತು. "ಒಂದು ಸೆಟ್ಟಿಂಗ್ ಆನ್ ಮಾಡಿದ್ರೆ ಆಟೋಮ್ಯಾಟಿಕ್ಕಾಗಿ ಬರುತ್ತಲ್ವಾ? ರಾಜಶ್ರೀಗೆ ಕೊಡು ಮಾಧವ, ಪಾಪ, ಸದ್ದಿಲ್ದೆ ಮಾಡ್ತಾಳೆ," ಎಂದಿದ್ದರು ಬದರಿನಾಥ್. ತಾನಾಗಿ ಬಂದದ್ದು ಹೇಗಿತ್ತೆಂದು ಅವರು ನೋಡಿರಲಿಲ್ಲ. ಎಲ್ಲವೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ: ಬುಕ್ ಮಾಡಿದ ಬೆನ್ನಿಗೇ ಕ್ಯಾನ್ಸಲ್, ಊಟವೆಲ್ಲ ಮುಗಿದು ಎಷ್ಟೋ ಹೊತ್ತಿನ ಮೇಲೆ ಮುಹೂರ್ತ. ಇದೇನು ಮದುವೆಯೋ ತಿಥಿಯೋ ಎಂದು ರಾಜಶ್ರೀ ಒಬ್ಬಳೇ ನಕ್ಕಿದ್ದಳು. ಮದುವೆ ಮನೆಯವರು ಕೇಳುವ ಕ್ರಮದಲ್ಲೇ ಅವನ್ನು ಜೋಡಿಸಿದಳು: ಮೊದಲು ದಿನ, ಆಮೇಲೆ ಮಂಟಪ, ಆಮೇಲೆ ಎಷ್ಟು ಜನ, ಅಡುಗೆ ಮನೆ, ಪಾತ್ರೆ. ಒಂದೊಂದು ಪ್ರಶ್ನೆಗೂ ಒಂದೊಂದು ಉದಾಹರಣೆ ಕೊಟ್ಟಳು. ಆಫೀಸಿನ ಒಳಗಿನವರಿಗೆ ಮಾತ್ರ ಬೇಕಾದ ಪ್ರಶ್ನೆಗಳನ್ನು ಹೊರಗಿನವರಿಗೆ ಕಾಣದಂತೆ ಮರೆ ಮಾಡಿದಳು. ಬದರಿನಾಥ್ ಹೋಗುತ್ತ ಬರುತ್ತ, "ಇನ್ನೂ ಆಗಿಲ್ವೇನಮ್ಮ ಆ ಆಟೋಮ್ಯಾಟಿಕ್ಕು?" ಎಂದು ತಮಾಷೆ ಮಾಡುವಾಗ ಅವಳ ಕಿವಿ ಬಿಸಿಯಾಗುತ್ತಿತ್ತು. ನಾನು ಮಾಡಿದ್ದು ಎಂದು ಹೇಳುವ ವಾಕ್ಯವನ್ನು ಒಳಗೇ ಮೂರು ಥರ ಕಟ್ಟಿ ನೋಡಿ, ಮೂರೂ ಜಂಬದ ಹಾಗೆ ಕೇಳಿಸಿ, ಎದ್ದು ಹೋಗಿ ನೀರು ಕುಡಿಯುತ್ತಿದ್ದಳು.

ಆದರೂ ಇವತ್ತು ಹಾಗಲ್ಲ. ಇವತ್ತು ಮಂಟಪದವರ ಪರವಾಗಿ ಪಂಕಜಾ ಮೇಡಂ ಬರುತ್ತಾರೆ, ಆ ಪುಟಗಳನ್ನು ನಿಜವಾಗಿ ಓದಿ ಬಳಸಬೇಕಾದ, ಅಡುಗೆ ಕಂಪೆನಿಯ ಪ್ರೋಗ್ರಾಮರ್ ಬರುತ್ತಾನೆ. ಆಷಾಢವಾದ್ದರಿಂದ ಮದುವೆಗಳಿಲ್ಲ, ಅವರಿಗೆಲ್ಲ ಪುರುಸೊತ್ತು. ತೋರಿಸುವುದು ಮಾಧವ, ಜಯನಗರದಲ್ಲೇ ಹುಟ್ಟಿ ಬೆಳೆದ ಅವನಿಗೆ ಯಾರ ಜೊತೆಗಾದರೂ ಹೇಗಾದರೂ ಮಾತಾಡಲು ಬರುತ್ತಿತ್ತು. ರಾಜಶ್ರೀ ಮೂಲೆಯಲ್ಲಿ ಕೂತಿರುತ್ತಾಳೆ, ಹಳದಿ ಪುಟ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತದೆ, ಯಾರೋ ಒಬ್ಬರು ಓ ಎನ್ನುತ್ತಾರೆ. ಆ ಓ ಒಂದು ಸಾಕು. ಅದನ್ನು ಯಾರಿಗೆಂದು ಹೇಳದಿದ್ದರೂ ತನಗೆಂದು ಅವಳಿಗೆ ತಿಳಿಯುತ್ತದೆ.

ಬಸ್ಸು ಜಯದೇವ ಫ್ಲೈಓವರಿನ ಬುಡದಲ್ಲಿ ಸಿಕ್ಕಿಕೊಂಡು ನಿಂತಿತು. ಮಡಿವಾಳದ ಕಡೆಯಿಂದ ಬಂದ ಸೊಪ್ಪಿನ ಟೆಂಪೊ ಒಂದು ಪಕ್ಕದಲ್ಲೇ ಉಸಿರು ಬಿಡುತ್ತಿತ್ತು, ಕೊತ್ತಂಬರಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಆ ವಾಸನೆಯಲ್ಲೇ, ಯಾವ ಸಂಬಂಧವೂ ಇಲ್ಲದೆ, ಅವಳಿಗೆ ನಿನ್ನೆಯ ಸಂಜೆ ನೆನಪಾಯಿತು. ಮಾಧವನ ಮೇಜಿನ ಹತ್ತಿರ ಹೋಗಿ ನಿಂತದ್ದು. ಅವನು ಫೋನಿನಲ್ಲಿ ಯಾರಿಗೋ, ಮಗಾ, ಶನಿವಾರ ಖಂಡಿತಾ ಬರ್ತೀನಿ ಗುರು, ಎಂದು ನಗುತ್ತ ಅವಳಿಗೆ ಕಣ್ಣಲ್ಲೇ ಒಂದು ನಿಮಿಷ ಎಂದದ್ದು. ಅವಳು ಅವನ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನೋಡುತ್ತ ನಿಂತು, ಚಿಕ್ಕ ಮಾತು, ನಾಳೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡು ಹಿಂದಕ್ಕೆ ಬಂದದ್ದು. ಆ ಚಿಕ್ಕ ಮಾತು ಏನೆಂದರೆ, ಡೆಮೊ ಬದರಿನಾಥರ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿ ಫೋಲ್ಡರುಗಳ ಸಾಲು ಹಳೆಯದು. ಅವಳ ಫೋಲ್ಡರು ಅಲ್ಲಿ ಕೊನೆಗಿದೆ. ಅಲ್ಲಿ ಫ್ರೇಮ್‌ವರ್ಕು ಮೊದಲು ತನ್ನದನ್ನೇ ಹುಡುಕಿ, ತನ್ನದೇ ಸಿಕ್ಕಿ, ಅವಳದರ ತನಕ ಬರುವುದೇ ಇಲ್ಲ. ಒಂದು ಸಾಲನ್ನು ಕೆಳಗಿನಿಂದ ಮೇಲಕ್ಕೆ ತಂದರೆ ಮುಗಿಯಿತು. ಯಾರೂ ತಂದಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅವಳು ಹೇಳಿಲ್ಲ.

ಹಳದಿ ಪುಟ ಬಾರದಿದ್ದರೆ ಹೋಗಲಿ. ಬೆನ್ನಿನ ಬಿಸಿ ಕ್ಯಾರಿಯರಿನ ಕೆಳಗೂ ತಣ್ಣಗೆ ಬೆವರು ಇಳಿದದ್ದು ಬೇರೆಯದಕ್ಕೆ. ಪ್ರತಿ ಪ್ರಶ್ನೆಯ ಕೋಡಿನ ನೆತ್ತಿಯಲ್ಲಿ ಒಂದಿಷ್ಟು ವಿವರಣೆ ಬರೆಯಲು ಜಾಗವಿರುತ್ತದೆ. ಯಂತ್ರ ಅದನ್ನು ಓದಿಯೂ ಓದದ ಹಾಗೆ ದಾಟಿ ಹೋಗುತ್ತದೆ. ಮೊದಲು ಅವಳು ಡೈರಿ ಬರೆಯುತ್ತಿದ್ದಳು, ಹೈಸ್ಕೂಲಿನಿಂದಲೂ. ಪಿಜಿಗೆ ಬಂದ ಹೊಸದರಲ್ಲಿ ರೂಮಿನ ವಿಜಯಲಕ್ಷ್ಮಿ ಅದನ್ನು ಮಂಚದ ಮೇಲಿಂದ ಎತ್ತಿಕೊಂಡು, "ಏ ಇಲ್ಲಿ ಕೇಳ್ರಲೇ, ಉಪ್ಪಿಟ್ಟು ಹಳಸಿತ್ತು, ಅದನ್ನೂ ಹೇಳಲಿಕ್ಕೆ ಧೈರ್ಯ ಸಾಲಲಿಲ್ಲ ಅಂತ ಬರದಾಳ!" ಎಂದು ಓದಿದಳು. ಕೆಟ್ಟ ಹುಡುಗಿಯಲ್ಲ, ಎಲ್ಲರನ್ನೂ ನಗಿಸುವವಳು, ಮರುದಿನ ಅವಳೇ ಹೋಗಿ ಪಿಜಿ ನಡೆಸುವ ಆಂಟಿಯ ಹತ್ತಿರ ಉಪ್ಪಿಟ್ಟಿನ ಜಗಳವನ್ನೂ ಆಡಿ ಬಂದಳು. ಆದರೆ ಆಮೇಲೆ ರಾಜಶ್ರೀಗೆ ಆ ಡೈರಿಯಲ್ಲಿ ಪೆನ್ನು ಇಳಿಯಲಿಲ್ಲ. ಮಾತುಗಳು ನಿಲ್ಲಬೇಕಲ್ಲ, ಅವು ಮೆಲ್ಲಗೆ ಆಫೀಸಿಗೆ ಬಂದು, ಯಂತ್ರ ಓದದ ಆ ಜಾಗದಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ವಿವರಣೆಯ ಕೆಳಗೆ ಒಂದೊಂದಾಗಿ ಕೂತವು. ಅಲ್ಲಿ ಅವಳು ಊರಿನ ಮಾತನ್ನೇ ಆಡಬಹುದಿತ್ತು. ಕೆಲಸಕ್ಕೆ ಸೇರಿದ ವಾರ ಮೀಟಿಂಗಿನಲ್ಲಿ ಅವಳು ಬಾಯಿ ತೆರೆದಾಗ ಯಾರೋ ಪ್ರೀತಿಯಿಂದಲೇ, "ಅಯ್ಯೋ ಎಷ್ಟು ಚೆನ್ನಾಗಿದೆ ಇವ್ರ ಭಾಷೆ, ಇನ್ನೊಂದ್ಸಲ ಹೇಳಿ," ಎಂದಿದ್ದರು. ಹೇಳಿದ್ದು ಏನು ಎಂದು ಮಾತ್ರ ಯಾರೂ ಕೇಳಲಿಲ್ಲ.

ಆ ಜಾಗದಿಂದಲೇ ಫ್ರೇಮ್‌ವರ್ಕು ಡಾಕ್ಯುಮೆಂಟೇಶನ್ ಹೆಕ್ಕುತ್ತದೆ ಎಂದು ತಿಳಿದ ದಿನ ಅವನ್ನೆಲ್ಲ ಅಳಿಸಬಹುದಾಗಿತ್ತು. ಅಳಿಸಲು ಕೂತಳು ಕೂಡ. ಒಂದೊಂದನ್ನೂ ಓದಿ, ಇದೊಂದಿರಲಿ, ಇದೊಂದಿರಲಿ ಎಂದು ಬಿಡುತ್ತ ಕೊನೆಗೆ ಒಂದೂ ಅಳಿಸಲಿಲ್ಲ. ಅದರ ಬದಲು ಎಲ್ಲ ಕಡೆ ವಿವರಣೆಯ ಕೆಳಗೆ ಅಡ್ಡಗೀಟುಗಳ ಒಂದು ಗೆರೆ ಎಳೆದು, ಗೆರೆಯ ಮೇಲಿನದನ್ನು ಮಾತ್ರ ತೋರಿಸು, ಕೆಳಗಿನದನ್ನು ಬಿಡು ಎಂದು ತನ್ನ ಅಚ್ಚಿಗೆ ಹೇಳಿಕೊಟ್ಟಳು. ಅವಳ ಅಚ್ಚಿಗೆ ಅದು ಗೊತ್ತು. ಫ್ರೇಮ್‌ವರ್ಕಿನ ಅಚ್ಚಿಗೆ ಗೊತ್ತಿಲ್ಲ. ಅದು ಎಲ್ಲವನ್ನೂ ತೋರಿಸುತ್ತದೆ.

ಫೋನು ತೆಗೆದು ಮಾಧವನ ಹೆಸರಿನ ತನಕ ಹೋದಳು. ಗಾಡಿ ಓಡಿಸುತ್ತಿರಬಹುದು. ಬಸ್ಸಿನಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಒಂದು ಸಲ ರಿಂಗಾಗುವ ಮೊದಲೇ ಕತ್ತರಿಸಿದಳು. ಈಸ್ಟ್ ಎಂಡಿನಲ್ಲಿ ಇಳಿದವಳು ನಡೆಯಲಿಲ್ಲ, ಓಡಿದಳು, ದುಪಟ್ಟಾ ಕೈಗೆ ಸುತ್ತಿಕೊಂಡು, ಹೂವಿನವಳ ಬುಟ್ಟಿ ದಾಟಿ. ಓಡುವಾಗಲೂ, ಆಶ್ಚರ್ಯವೆಂದರೆ, ಎದೆಯಲ್ಲಿ ಇದ್ದದ್ದು ಬರೀ ಹೆದರಿಕೆಯಲ್ಲ. ಏನೋ ಆಗುತ್ತದೆ, ಇವತ್ತು ಏನೋ ಆಗಿಯೇ ಆಗುತ್ತದೆ ಎಂಬ ಕುಣಿತ ಅದರಡಿಗೇ ಇತ್ತು.

ಮಹಡಿಯ ಬಾಗಿಲ ಹೊರಗೆ ಬೇರೆಯವರ ಚಪ್ಪಲಿಗಳು. ಬಂದುಬಿಟ್ಟಿದ್ದರು. ಒಳಗೆ ಪಂಕಜಾ, ಐವತ್ತು ದಾಟಿದ ದಪ್ಪ ಗಾತ್ರದ ಹೆಂಗಸು, ಮೈಸೂರು ರೇಷ್ಮೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಟಪದಲ್ಲಿ ಅಡುಗೆಯವರನ್ನು ಗದರಿಸಿ ರೂಢಿಯಾದ ಗಂಟಲಲ್ಲಿ ಮಾತಾಡುತ್ತಿದ್ದರು. "ಏನಪ್ಪ ಬದರಿ, ಕಾಫಿ ಕೊಟ್ಟೇ ಸಾಗ್ಹಾಕ್ತೀಯೋ, ಏನಾದ್ರೂ ತೋರಿಸ್ತೀಯೋ?" ಅಡುಗೆ ಕಂಪೆನಿಯ ಪ್ರೋಗ್ರಾಮರ್ ರಾಮಪ್ರಸಾದ ಪಕ್ಕದಲ್ಲಿ ಕಾಲಾಡಿಸುತ್ತ ಕೂತಿದ್ದ. ಮಾಧವ ಆಗಲೇ ಪ್ರೊಜೆಕ್ಟರಿಗೆ ತಂತಿ ಸಿಕ್ಕಿಸುತ್ತಿದ್ದ. ರಾಜಶ್ರೀ ಅವನ ಹತ್ತಿರ ಹೋಗಿ ಬಗ್ಗಿ, "ಮಾಧವ್ ಸರ್, ಒಂದು ಸಾಲು..." ಎಂದಳು.

"ಆಮೇಲೆ ರಾಜಶ್ರೀ, ಪ್ಲೀಸ್. ಕೂತ್ಕೋ, ಎಲ್ಲ ಸೆಟ್ಟಾಗಿದೆ," ಎಂದು ಅವನು ನಗುತ್ತಲೇ ಹೇಳಿ, ಅವಳ ತಲೆಯ ಮೇಲಿಂದ, "ಶುರು ಮಾಡೋಣ್ವಾ ಮೇಡಂ?" ಎಂದ.

ಅವಳು ಮೂಲೆಯ ಕುರ್ಚಿಗೆ ಬಂದು ಕೂತಳು. ಲೈಟು ಆರಿತು. ಗೋಡೆಯ ಮೇಲೆ ಬಿದ್ದದ್ದು ಹಳದಿಯಲ್ಲ. ಆಸ್ಪತ್ರೆಯ ಗೋಡೆಯಂಥ ಬೂದು ಬಣ್ಣ. ಬುಕ್, ಕ್ಯಾನ್ಸಲ್, ಡೈನಿಂಗ್. "ಇದು ನಮ್ಮ ಎಪಿಐ ಡಾಕ್ಯುಮೆಂಟೇಶನ್ನು. ವಿಶೇಷ ಏನಂದ್ರೆ ಇದನ್ನ ಯಾರೂ ಕೂತ್ಕೊಂಡು ಬರ್ದಿಲ್ಲ, ಫ್ರೇಮ್‌ವರ್ಕೇ ಆಟೋಮ್ಯಾಟಿಕ್ಕಾಗಿ ಜನರೇಟ್ ಮಾಡುತ್ತೆ," ಎಂದು ಮಾಧವ ಹೇಳುತ್ತಿರುವಾಗ ರಾಮಪ್ರಸಾದ ಮುಂದಕ್ಕೆ ಬಾಗಿ, "ಒಂದ್ನಿಮಿಷ, ಸ್ವಲ್ಪ ಕೆಳಗೆ ಬನ್ನಿ. ಅದೇನ್ ಗೆರೆ ಕೆಳಗೆ?" ಎಂದ. ಅವನೇ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು, ತಡವರಿಸುತ್ತ, ಓದಿದ: "ಆಷಾಢದಾಗ ಕೇಳಿದ್ರ ಎಲ್ಲಾ ಮಂಟಪ ಖಾಲಿ ಅಂತ ಬರತದ. ಅದು ತಪ್ಪಲ್ಲ. ಕಾಗಿನೂ ಬರೂದಿಲ್ಲ ಆವಾಗ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಪಂಕಜಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಜ ಕಣಯ್ಯ! ಕಾಗೇನೂ ಬರಲ್ಲ! ಎಲಾ ಇದರ, ಕಂಪ್ಯೂಟರ್ರು ಹುಬ್ಬಳ್ಳಿ ಕಡೆದಾ?" ಬದರಿನಾಥ್ ನಗಬೇಕೋ ಬೇಡವೋ ತಿಳಿಯದೆ ಮಾಧವನ ಮುಖ ನೋಡಿದರು. ಮಾಧವ ಗಾಬರಿಯಲ್ಲಿ ಇನ್ನೂ ಕೆಳಕ್ಕೆ ಹೋದ, ಹೋದದ್ದು ಇನ್ನೂ ತಪ್ಪಾಯಿತು. ರಾಮಪ್ರಸಾದನಿಗೆ ಈಗ ಹುಮ್ಮಸ್ಸು ಬಂದಿತ್ತು, ಮುಂದಿನದನ್ನೂ ಓದಿದ: "ಇದು ಮಾಧವ್ ಸರ್ ಬರದ ಕೋಡ್. ಯಾಕ ನಡೀತದ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ. ದಯಮಾಡಿ ಮುಟ್ಟಬ್ಯಾಡ್ರಿ." ಅವನು ಮೇಜು ಬಡಿದ. "ಸಖತ್ ಗುರು! ನಮ್ಮಾಫೀಸಲ್ಲೂ ಇಂಥ ಕೋಡ್ ಬೇಕಾದಷ್ಟಿದೆ, ಹಿಂಗ್ ಬರ್ಯೋರಿಲ್ಲ ಅಷ್ಟೆ." ಕತ್ತಲಲ್ಲೂ ಮಾಧವನ ಕಿವಿ ಕೆಂಪಾದದ್ದು ರಾಜಶ್ರೀಗೆ ಕಂಡಿತು. ತನ್ನ ಕಿವಿಯನ್ನು ಅವನ ತಲೆಯ ಮೇಲೆ ನೋಡಿದ ಹಾಗಾಯಿತು. ಅವಳ ಮೊಣಕಾಲುಗಳು ತಾವಾಗಿಯೇ ಫಿಲ್ಟರಿನ ಕಡೆ ತಿರುಗಿದ್ದವು. ಮುಂದಿನದು ಕ್ಯಾನ್ಸಲ್. ಅದರ ಕೆಳಗೆ ಏನಿದೆಯೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು, ಮತ್ತು ಅದು ನಗುವ ಮಾತಲ್ಲ.

ಈ ಸಲ ಓದಿದ್ದು ಪಂಕಜಾ. ಕನ್ನಡಕ ಏರಿಸಿಕೊಂಡು, ಎದ್ದು ಗೋಡೆಯ ಹತ್ತಿರವೇ ಹೋಗಿ, ಬೆಳಕು ಅವರ ಸೆರಗಿನ ಮೇಲೆಲ್ಲ ಅಕ್ಷರವಾಗಿ ಬಿದ್ದಿರುವಾಗ, ನಗು ಇನ್ನೂ ಗಂಟಲಲ್ಲಿರುವಾಗ: "ಕ್ಯಾನ್ಸಲ್ ಮಾಡಾವರಿಗೆ ಕಾರಣ ಹೇಳ್ರಿ ಅಂತ ಯಾಕ ಕೇಳಬೇಕು? ಹೇಳದಿದ್ರ ಮುಂದ ಬಿಡೂದಿಲ್ಲ ಅಂತ ಯಾಕ ಹಟಾ? ಮದುವಿ ಮುರದ ಮನಿಯಾವರು..." ಇಲ್ಲಿ ಅವರ ದನಿ ನಿಧಾನವಾಯಿತು. "ಮದುವಿ ಮುರದ ಮನಿಯಾವರು ಮಷೀನಿನ ಮುಂದ ಸುದ್ದಾ ಬಾಯಿ ಬಿಡಬೇಕೇನು. ಮೀಟಿಂಗಿನ್ಯಾಗ ಕೇಳಬೇಕಂತ ಎದ್ದಿದ್ದೆ. ನೀರು ಕುಡದು ಬಂದು ಕೂತೆ."

ಅವತ್ತು ಊರಿನ ಮಂಟಪದ ಆಫೀಸು ರೂಮಿನಲ್ಲಿ ಟ್ಯೂಬ್‌ಲೈಟು ಮಿಟುಕುತ್ತಿತ್ತು. ಚಿಕ್ಕಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮುರಿದುಬಿದ್ದಾಗ ಅವನ ಮಗಳು ಹುಲಿಗೆವ್ವನ ಮದುವೆಗೆ ಇನ್ನೊಂದು ವಾರವಿತ್ತು, ಹಂದರದ ಗಳ ಆಗಲೇ ಬಂದು ಬಿದ್ದಿದ್ದವು. ಮೇಜಿನ ಹಿಂದಿನವನು ಕೆಟ್ಟವನಲ್ಲ, ಬರೀ ಕಾಲಂ ತುಂಬುವವನು, ಪೆನ್ನು ಎತ್ತಿ ಹಿಡಿದು, "ಕಾರಣ ಏನಂತ ಬರೀಲ್ರಿ ಯಜಮಾನ್ರ?" ಎಂದ. ಬಾಗಿಲಲ್ಲಿ ಅಡುಗೆ ಭಟ್ಟರು, ವಾಲಗದವರು, ಇನ್ನಾರೋ ತಮ್ಮ ಸರದಿಗೆ ಕಾಯುತ್ತ ನಿಂತಿದ್ದರು. ಎಲ್ಲರ ಕಿವಿಯೂ ಆ ಪೆನ್ನಿನ ತುದಿಯಲ್ಲಿತ್ತು. ಚಿಕ್ಕಪ್ಪ ಇವಳ ಕಡೆ ನೋಡಿದ. ಓದಿದವಳು ಎಂದು ಜೊತೆಗೆ ಕರೆದುಕೊಂಡು ಬಂದಿದ್ದ. ಏನೂ ಬರೀಬ್ಯಾಡ್ರಿ, ಎಂದರೆ ಸಾಕಿತ್ತು. ಆ ಎರಡು ಮಾತು ಅವಳ ನಾಲಿಗೆಯ ಮೇಲೇ ಇದ್ದವು, ಅವುಗಳ ತೂಕವೂ ಗೊತ್ತಾಗುತ್ತಿತ್ತು. ಮೂಲೆಯಲ್ಲಿ ನೀರಿನ ಹರವಿ, ಅದರ ಮೇಲೆ ತಾಟು, ತಾಟಿನ ಮೇಲೆ ಸರಪಳಿ ಹಾಕಿದ ಲೋಟ. ಅವಳು ಅದನ್ನೇ ನೋಡುತ್ತ ನಿಂತಳು. ಚಿಕ್ಕಪ್ಪ ಕೊನೆಗೆ ಹೇಳಿದ. ಹುಡುಗನ ಕಡೆಯವರು ಹುಡುಗಿಯ ಮೇಲೆ ಹೊರಿಸಿದ ಮಾತನ್ನು, ಸುಳ್ಳೆಂದು ತನಗೆ ಗೊತ್ತಿದ್ದ ಮಾತನ್ನು, ಬೇರೆ ಏನು ಹೇಳಬೇಕೆಂದು ತೋಚದೆ ಹಾಗೇ ಹೇಳಿಬಿಟ್ಟ, ಮತ್ತು ಆ ಮನುಷ್ಯ ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡ.

"ಯಾರು ಬರ್ದಿದ್ದು ಇದನ್ನ?"

ಪಂಕಜಾ ನಗುತ್ತಿರಲಿಲ್ಲ. ಬೆಳಕಿನಲ್ಲಿ ಅರ್ಧ ಮುಖ ಮಾತ್ರ ಕಾಣುತ್ತಿತ್ತು, ಅದು ಸಿಟ್ಟೋ ಏನೋ ತಿಳಿಯುವಂತಿರಲಿಲ್ಲ. "ಬದರಿ, ಈ ಕಾರಣದ ಕಾಲಂ ಹಾಕಿ ಅಂದಿದ್ದು ನಾನು. ನನಗೇ ಬುದ್ಧಿ ಹೇಳಿರೋರು ಯಾರು ಅಂತ ಕೇಳ್ತಿದೀನಿ."

ಬದರಿನಾಥ್ ಕೆಮ್ಮಿದರು. ಮಾಧವ ಕೀಲಿಮಣೆಯಿಂದ ಕೈ ತೆಗೆದ. ಅವನಿಗೆ ಗೊತ್ತಾಗಿದೆ ಎಂದು ರಾಜಶ್ರೀಗೆ ಖಾತ್ರಿಯಾಯಿತು. ಆ ಮಾತು ಆಡುವವಳು ಆ ಆಫೀಸಿನಲ್ಲಿ ಇನ್ನಾರಿದ್ದಾರೆ? ಅವನು ಅವಳ ಕಡೆ ನೋಡಲಿಲ್ಲ. ನೋಡದೆಯೇ, ಅವಳನ್ನು ಕಾಪಾಡುವ ಹಾಗೆ, ತನ್ನ ಕೆಂಪು ಕಿವಿಯನ್ನೂ ಮರೆತು, ಹೇಳಿದ: "ಅದು... ಮೇಡಂ, ಯಾರೂ ಬರ್ದಿದ್ದಲ್ಲ. ಆಟೋಮ್ಯಾಟಿಕ್. ಹಳೇ ಟೆಸ್ಟ್ ಡೇಟಾ ಎಲ್ಲಾ ಸೇರ್ಕೊಂಡು ತಾನಾಗೇ ಬಂದ್ಬಿಟ್ಟಿದೆ. ಕ್ಲೀನ್ ಮಾಡ್ತೀವಿ."

ಎಷ್ಟು ದಿನದಿಂದ ಅವಳ ಕಿವಿಯನ್ನು ಸುಟ್ಟ ಮಾತು ಅದು. ಈಗ ಕೊಡೆಯ ಹಾಗೆ ತಲೆಯ ಮೇಲೆ ಬಿಚ್ಚಿಕೊಂಡಿತು. ಅದರಡಿಗೆ ಸುಮ್ಮನೆ ಕೂತಿದ್ದರೆ ಆಗಿತ್ತು. ಸಂಜೆಯ ಹೊತ್ತಿಗೆ ಎಲ್ಲ ಅಳಿಸಿ, ನಾಳೆ ಎಂದಿನ ಹಾಗೆ ಬಂದು, ಸದ್ದಿಲ್ಲದೆ ಕೆಲಸ ಮಾಡುವ ಪಾಪದ ಹುಡುಗಿಯಾಗಿ ಇರಬಹುದಿತ್ತು. ಹರವಿಯ ಮೇಲಿನ ಲೋಟದ ಸರಪಳಿ ಗಾಳಿಗೆ ಕಿಣಿ ಎಂದಿತು. ಅಥವಾ ಅದು ಅವಳ ಕುರ್ಚಿ. ಅವಳು ಎದ್ದಿದ್ದಳು. ಫಿಲ್ಟರು ಎಡಕ್ಕಿತ್ತು, ಗೋಡೆ ಬಲಕ್ಕೆ. ಎದೆ ಡೊಳ್ಳಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಗೆ ಹೀಗೆ ಇಷ್ಟು ಲಯವಿರುತ್ತದೆಯೇ ಎಂದು ಒಳಗಿನ ಇನ್ಯಾರೋ ಕೇಳಿದರು.

"ಅದು ತಾನಾಗೇ ಬಂದದ್ದಲ್ರೀ," ಎಂದಳು. ದನಿ ತನ್ನದಕ್ಕಿಂತ ದೊಡ್ಡದಾಗಿತ್ತು. "ನಾ ಬರದೀನಿ."

"ಇಲ್ಲಿ ಬಾಮ್ಮ."

ಹೋದಳು. ಈಗ ಅಕ್ಷರಗಳು ಅವಳ ಚೂಡಿದಾರದ ಮೇಲೂ ಬಿದ್ದವು. ಪಂಕಜಾ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಮಂಟಪ ಶುರುವಾದಾಗ್ನಿಂದ ಕೇಳ್ತಾ ಬಂದಿದೀನಿ ನಾನು, ಕಾರಣ ಏನು ಅಂತ. ಕೇಳಬಾರ್ದಾ?"

"ಕೇಳಬಾರ್ದ್ರೀ."

"ಯಾಕೆ?"

"ನಮ್ಮ ಚಿಕ್ಕಪ್ಪಗ ಕೇಳಿದ್ರು. ನಾ ಬಾಜೂಕ್ಕ ನಿಂತಿದ್ದೆ. ಅವ ಖರೇ ಹೇಳಿದ್ರ ಯಾರೂ ನಂಬತಿದ್ದಿಲ್ಲ, ಅದಕ್ಕ ಸುಳ್ಳು ಹೇಳಿದ. ಆ ಸುಳ್ಳು ಇನ್ನೂ ಅಲ್ಲೇ ಅದರೀ, ಬರದದ್ದು. ನಮ್ಮ ಹುಲಿಗೆವ್ವನ ಹೆಸರಿನ ಮುಂದ." ಉಸಿರು ತೆಗೆದುಕೊಂಡಳು. ಇನ್ನೂ ಮಾತು ಇತ್ತು, ಅದೂ ಬಂತು. "ಮಂಟಪ ಖಾಲಿ ಆತು ಅನ್ನೂದು ನಿಮಗ ಬೇಕು. ಯಾಕ ಆತು ಅನ್ನೂದು ಬ್ಯಾಡ್ರೀ. ಈಗಂತೂ ನೀವು ಕೇಳಿದ್ದು ನಿಮ್ಮ ಹಂತೇಕ ಉಳಿಯೂದಿಲ್ಲ, ಅಡಿಗಿಯಾವರಿಗೆ, ಹೂವಿನವರಿಗೆ, ಎಲ್ಲರ ಪ್ರೋಗ್ರಾಮಿಗೂ ಹೋಗತದ."

"ಮೇಡಂ, ರಿಪೋರ್ಟಿಗೆ ಬೇಕಾಗುತ್ತೆ ಅಂತ..." ಎಂದು ಬದರಿನಾಥ್ ಶುರು ಮಾಡಿದರು.

"ಯಾವ ರಿಪೋರ್ಟು ಬದರಿ? ಒಂದಿನಾನೂ ತಿರುವಿ ನೋಡಿಲ್ಲ ನಾನು." ಪಂಕಜಾ ಗೋಡೆಯ ಕಡೆಗೇ ತಿರುಗಿದ್ದರು. "ಬಾಯಿಚಪಲಕ್ಕೆ ಕೇಳ್ತಿದ್ದೆ ಅಂತ ಕಾಣುತ್ತೆ." ಕೆಳಗಿನ ಅಂಗಡಿಯಲ್ಲಿ ಯಾರೋ ಸ್ಟೀಲಿನ ಕೊಳಗ ಬಡಿದು ಬಡಿದು ಪರೀಕ್ಷಿಸುತ್ತಿದ್ದರು. "ತೆಗೆಯೋಕಾಗುತ್ತಾ ಇದನ್ನ? ಎಷ್ಟು ದಿನ ಬೇಕು?"

"ಈಗ ಆಗತದ್ರೀ."

ಮಾಧವ ಕುರ್ಚಿ ಬಿಟ್ಟು ಎದ್ದ. ಅವನು ಪಕ್ಕಕ್ಕೆ ಸರಿಯುವಾಗ ಅವಳು ಮೆಲ್ಲಗೆ, "ನಿಮ್ಮ ಕೋಡಿಂದು ಹಂಗ ಬರೀಬಾರದಿತ್ತು, ಸಾರಿ," ಎಂದಳು. "ಇಲ್ಲ ಬಿಡು," ಎಂದ ಅವನು, ನೋವೂ ನಗುವೂ ಬೆರೆತ ಮುಖದಲ್ಲಿ, "ನಿಜವಾಗ್ಲೂ ನಂಗೆ ಗೊತ್ತಿಲ್ಲ ಅದ್ಯಾಕೆ ನಡೆಯುತ್ತೆ ಅಂತ." ಅವಳು ಕೂತಳು. ದಾರಿ ಬೆರಳುಗಳಿಗೆ ಗೊತ್ತಿತ್ತು. ಮೊದಲು ಫೋಲ್ಡರುಗಳ ಸಾಲು ತೆರೆದು, ಎಲ್ಲರೂ ನೋಡುತ್ತಿರುವಂತೆಯೇ, ಕೊನೆಗಿದ್ದ ತನ್ನದನ್ನು ಎತ್ತಿ ಎಲ್ಲಕ್ಕಿಂತ ಮುಂದೆ ಇಟ್ಟಳು. ಪುಟವನ್ನು ಮತ್ತೆ ಕರೆದಳು. ಬೂದು ಹೋಗಿ ಗೋಡೆಯ ತುಂಬ ಅರಿಶಿನ ಹರಡಿತು. ಪಂಕಜಾರ ಕನ್ನಡಕ, ಬದರಿನಾಥರ ಬೋಳುತಲೆ, ಮೇಜಿನ ಮೇಲಿನ ಕಾಫಿ ಲೋಟಗಳು, ಎಲ್ಲದರ ಮೇಲೂ ಮದುವೆ ಮನೆಯ ಬೆಳಗಿನ ಬಣ್ಣ. ದಿನ, ಮಂಟಪ, ಎಷ್ಟು ಜನ, ಅಡುಗೆ ಮನೆ.

"ಓ," ಎಂದ ರಾಮಪ್ರಸಾದ. "ಏನ್ ಗುರು ಇದು! ಇದನ್ನ ಯಾಕೆ ಮೊದ್ಲು ತೋರಿಸ್ಲಿಲ್ಲ? ಉದಾಹರಣೆ ಎಲ್ಲಾ ಇದೆ, ನಾನು ಇವತ್ತೇ ಶುರು ಮಾಡ್ಬಹುದಲ್ಲ."

ಬಂತು, ಆ ಓ. ಇಡೀ ದಾರಿ ಕಾದಿದ್ದಳು ಅದಕ್ಕೆ. ಈಗ ಅದು ಮಳೆಯ ಮೊದಲ ಹನಿಯಂತೆ ಬಿದ್ದು ಎಲ್ಲೋ ಇಂಗಿಹೋಯಿತು, ಯಾಕೆಂದರೆ ಅವಳ ಕೈ ಇನ್ನೂ ಕೆಲಸದಲ್ಲಿತ್ತು. ಕ್ಯಾನ್ಸಲ್‌ನ ಕೋಡು ತೆರೆದಳು. 'ಕಾರಣ' ಎಂಬುದರ ಮುಂದೆ, ಅದು ಇಲ್ಲದಿದ್ದರೂ ನಡೆಯುತ್ತದೆ ಎನ್ನುವ ಒಂದು ಪುಟ್ಟ ಗುರುತು ಹಾಕಿದಳು. ಆಮೇಲೆ ಗೆರೆಯ ಕೆಳಗಿನ ತನ್ನ ಪ್ರಶ್ನೆಗೆ ಬಂದಳು. ಅಷ್ಟು ದಿನ ಅಳಿಸಲಾಗದ್ದು. ಕೊನೆಯಿಂದ ಒಂದೊಂದೇ ಅಕ್ಷರ: ನೀರು ಕುಡಿದು ಬಂದು ಕೂತದ್ದು ಹೋಯಿತು, ಎದ್ದದ್ದು ಹೋಯಿತು, ಮುರಿದ ಮನೆಯವರು ಹೋದರು. ಕೈ ತಡೆಯಲಿಲ್ಲ. ಕೇಳಿ ಆದ ಪ್ರಶ್ನೆ ಅದು, ಇನ್ನು ಅಲ್ಲಿ ಯಾಕೆ? ಗೆರೆಯನ್ನೂ ಅಳಿಸಿದಳು.

ಪುಟ ಮತ್ತೆ ಬಂದಾಗ ಕ್ಯಾನ್ಸಲ್‌ನ ಕೆಳಗೆ 'ಕಾರಣ: ಕಡ್ಡಾಯ' ಎಂದಿದ್ದ ಕಡೆ 'ಕಾರಣ: ಕಡ್ಡಾಯವಲ್ಲ' ಎಂದಿತ್ತು. ಪಂಕಜಾ ಅದನ್ನು ಓದಿ ಮೆಲ್ಲಗೆ ತಲೆಯಾಡಿಸಿದರು. ಬದರಿನಾಥ್ ಕಣ್ಣು ಕಿರಿದು ಮಾಡಿ, "ಇದನ್ನ ಯಾವಾಗ ಬರೆದ್ಯಮ್ಮ? ಈ ಪುಟ ನೀನು ಮುಟ್ಟಲೇ ಇಲ್ವಲ್ಲ?" ಎಂದರು.

"ಇಲ್ರೀ ಸರ್," ಎಂದಳು ರಾಜಶ್ರೀ. "ಇದೊಂದು ತಾನಾಗೇ ಬಂತು."

ಮಾಧವನೇ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು, ಅವಳೂ. ಯಾರೋ ಲೈಟು ಹಾಕಿದರು. ಅಷ್ಟು ಹೊತ್ತಿಗೆ ಅವಳಿಗೆ ಗೊತ್ತಾಯಿತು, ಗಂಟಲು ಒಣಗಿ ಅಂಟುತ್ತಿತ್ತು. ಮಾತಾಡಿ ಮಾತಾಡಿ ಒಣಗಿದ್ದು. ನಿಜವಾದ ಬಾಯಾರಿಕೆ. ಕುರ್ಚಿಯಿಂದ ಏಳದೆ, ಫಿಲ್ಟರಿನ ಹತ್ತಿರ ನಿಂತಿದ್ದ ಮಾಧವನ ಕಡೆ ತಿರುಗಿದಳು.

"ಮಾಧವ್ ಸರ್, ಒಂದು ಲೋಟ ನೀರು ಕೊಡ್ರಿ."